ಸಾಲಿನಲ್ಲಿ ನಿಂತ ಪಿಗ್ಮಿ ಏಜೆಂಟರು

ಇದು ಒಂದು ಸಹಕಾರಿ ಶಾಖೆಯ ಮ್ಯಾನೇಜರಿಗೂ, ಅಲ್ಲಿಗೆ ದಿನಾ ಅಂಗಡಿಗಳಿಂದ ಠೇವಣಿ ಎತ್ತಿ ತರುವ ಪಿಗ್ಮಿ ಏಜೆಂಟರೊಬ್ಬರಿಗೂ ನಡುವೆ ನಡೆದ ಪ್ರಕರಣ. ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಬರುವ ಯಾರ ಹೆಸರನ್ನೂ ಬರೆದಿಲ್ಲ. ತಿಂಗಳು, ಹಣದ ಮೊತ್ತ, ಜನರ ವಯಸ್ಸು ಸ್ವಲ್ಪ ಬದಲಾಯಿಸಿದ್ದೇನೆ. ಮ್ಯಾನೇಜರು ಮತ್ತು ಏಜೆಂಟರು ಇಬ್ಬರೂ ಓದಿ ಒಪ್ಪಿದ್ದಾರೆ. ಏಜೆಂಟರು ಎರಡು ಕಡೆ ತಿದ್ದಿಸಿದರು ಕೂಡ.

ನಾನು ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನು. ಹುಬ್ಬಳ್ಳಿಯ ನಮ್ಮ ಕ್ರೈಸ್ತ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ತಿಂಗಳಿಗೊಂದು ಭಾನುವಾರ ಆರಾಧನೆ ಮುಗಿದ ಮೇಲೆ ಕೆಲಸಕ್ಕೆ ಹೋಗುವ ಹತ್ತು ಹನ್ನೆರಡು ಜನ ಹಿಂದಿನ ಕೋಣೆಯಲ್ಲಿ ಕೂರುತ್ತೇವೆ. ನರ್ಸ್, ಶಿಕ್ಷಕರು, ವರ್ಕ್‌ಶಾಪಿನವರು, ಇಬ್ಬರು ಸಾಫ್ಟ್‌ವೇರ್ ಹುಡುಗರು. ಚಹಾ ಕುಡಿಯುತ್ತಾ ಆಫೀಸಿನ ತಲೆನೋವು ಹೇಳಿಕೊಳ್ಳುತ್ತೇವೆ. ಈ ಪ್ರಕರಣ ಅಲ್ಲಿಗೆ ಬಂದದ್ದು.

ಹಿನ್ನೆಲೆ

ಮಾರುಕಟ್ಟೆ ಪಕ್ಕದ ಒಂದು ಸಣ್ಣ ಸೌಹಾರ್ದ ಸಹಕಾರಿ ಶಾಖೆ. ಒಂಬತ್ತು ಸಿಬ್ಬಂದಿ, ಐದು ಪಿಗ್ಮಿ ಏಜೆಂಟರು. ಚಿನ್ನದ ಸಾಲ ಜಾಸ್ತಿ. ಮ್ಯಾನೇಜರು ನಮ್ಮ ಸಭೆಯವರು, ಐವತ್ತರ ಹತ್ತಿರದ ವಯಸ್ಸು, ಗಾಯನವೃಂದದಲ್ಲಿ ಹಾಡುತ್ತಾರೆ. ಆ ಶಾಖೆಯಲ್ಲಿ ಕ್ರೈಸ್ತರು ಅಂತ ಇರುವುದು ಅವರೊಬ್ಬರೇ.

ಈ ಒಬ್ಬರೇ ಇರುವ ವಿಷಯ ಸಣ್ಣದಲ್ಲ. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರು ನೂರಕ್ಕೆ ಎರಡು ಜನರೂ ಇಲ್ಲ, ಶೇಕಡಾ 1.87. ಹೀಗಾಗಿ ನಮ್ಮಲ್ಲಿ ಬಹಳ ಜನರಿಗೆ ಮನೆಯಲ್ಲೇ ಒಂದು ಪಾಠ ಆಗಿರುತ್ತದೆ: ‘ಹೊರಗೆ ಮೆತ್ತಗಿರು, ನಮ್ಮವರ ಬಗ್ಗೆ ಯಾರೂ ಬೆರಳು ತೋರಿಸಬಾರದು.’ ಮ್ಯಾನೇಜರು ಅದನ್ನು ಅಕ್ಷರಶಃ ಪಾಲಿಸಿದವರು. ದನಿ ಏರಿಸಿದ್ದನ್ನು ಯಾರೂ ಕೇಳಿಲ್ಲ. ಗಿರಾಕಿ ಬಂದರೆ ಎದ್ದು ಕೈ ಮುಗಿಯುತ್ತಾರೆ. ಚಿನ್ನ ಇಡಲು ಬಂದವರಿಗೆ ಕುರ್ಚಿ, ಚಹಾ. ‘ಸರ್ ಭಾಳ ಮರ್ಯಾದಸ್ಥರು’ ಅಂತ ಊರಲ್ಲಿ ಹೆಸರು.

ಐವರಲ್ಲಿ ಈ ಪ್ರಕರಣದ ಏಜೆಂಟರ ವಯಸ್ಸು 58. ಇಪ್ಪತ್ತು ವರ್ಷದಿಂದ ಅದೇ ಮಾರುಕಟ್ಟೆಯಲ್ಲಿ ಪಿಗ್ಮಿ ಎತ್ತುತ್ತಾರೆ. ಪಿಗ್ಮಿ ಗೊತ್ತಲ್ವಾ? 1928ರಲ್ಲಿ ಉಡುಪಿಯಲ್ಲಿ, ಆಮೇಲೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ, ದಿನಕ್ಕೆ ಎರಡಾಣೆಯಿಂದ ಶುರು ಮಾಡಿದ ಠೇವಣಿ ಅದು. ಬ್ಯಾಂಕಿಗೆ ಬರಲಾರದವರ ಹತ್ತಿರ ಬ್ಯಾಂಕೇ ಹೋಗುವ ಏರ್ಪಾಡು. ಹೋಗುವುದು ಮಾತ್ರ ಏಜೆಂಟರ ಕಾಲು. ಬೆಳಿಗ್ಗೆ ಶಾಖೆಯ ಕಂಪ್ಯೂಟರಿನಿಂದ ಖಾತೆಗಳನ್ನು ಕೈಯಂತ್ರಕ್ಕೆ ತುಂಬಿಸಿಕೊಂಡು ಹೊರಟರೆ, ಅಂಗಡಿ ಅಂಗಡಿಗೆ ಐವತ್ತು, ನೂರು ಇಸ್ಕೊಂಡು ಚೀಟಿ ಹರಿದು ಕೊಟ್ಟು, ಸಂಜೆ ಹಣ ಕಟ್ಟಿ ಯಂತ್ರ ಖಾಲಿ ಮಾಡಬೇಕು. ಇಲ್ಲಿ ನೂರಕ್ಕೆ ಮೂರು ರೂಪಾಯಿ ಕಮಿಷನ್. ಸಂಬಳ ಇಲ್ಲ. 2001ರಲ್ಲಿ ಸುಪ್ರೀಂ ಕೋರ್ಟ್ ಬ್ಯಾಂಕುಗಳ ಪಿಗ್ಮಿ ಏಜೆಂಟರು ಕಾನೂನಿನ ಕಣ್ಣಲ್ಲಿ ಕೆಲಸಗಾರರೇ, ಅವರ ಕಮಿಷನ್ ವೇತನವೇ ಅಂತ ಹೇಳಿದೆ. ಆದರೆ ಶಾಖೆಯೊಳಗೆ ನೋಡಿದರೆ ಅವರು ಸಿಬ್ಬಂದಿಯೂ ಅಲ್ಲ, ಗಿರಾಕಿಯೂ ಅಲ್ಲ. ಈ ಶಾಖೆಯಲ್ಲಿ ಅವರಿಗೆ ಕುರ್ಚಿಯೂ ಇರಲಿಲ್ಲ. ಮರದ ಅರ್ಧ ಬಾಗಿಲು ದಾಟಿ ಒಳಗೆ ಬಂದು, ಕ್ಯಾಶಿಯರ್ ಮೇಜಿನ ಪಕ್ಕ ನಿಂತೇ ಹಣ ಎಣಿಸಿ ಕೊಡುವುದು.

ಮ್ಯಾನೇಜರು ಐವರು ಏಜೆಂಟರಿಗೂ, ಕಸ ಗುಡಿಸುವ ಹೆಣ್ಣುಮಗಳಿಗೂ ‘ನೀನು’ ಅನ್ನುತ್ತಿದ್ದರು. ಉಳಿದವರಿಗೆಲ್ಲ ‘ರೀ’. ಇದು ಅವರ ಗಮನಕ್ಕೇ ಬಂದಿರಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಎಷ್ಟೋ ಸಲ ಆ ಶಾಖೆಗೆ ಹೋಗಿದ್ದೇನೆ, ನನಗೂ ಕಿವಿಗೆ ಬಿದ್ದಿರಲಿಲ್ಲ.

ಆ ಸಂಜೆ

ಸಂಜೆ ಆರು ಗಂಟೆ. ಏಜೆಂಟರ ಯಂತ್ರದಲ್ಲಿ 18,650 ರೂಪಾಯಿ. ಕ್ಯಾಶಿಯರ್ ಎಣಿಸಿದಾಗ 17,250. ಕಡಿಮೆ ಬಿದ್ದದ್ದು 1,400. ಎರಡು ಸಲ ಎಣಿಸಿದರು, ಅಷ್ಟೇ. ಮ್ಯಾನೇಜರು ತಮ್ಮ ಜಾಗದಿಂದ ಎದ್ದು ಬಂದರು. ಕೌಂಟರಿನ ಆಚೆ ಬಾಳೆಹಣ್ಣಿನ ವ್ಯಾಪಾರಿಯೊಬ್ಬ, ಹೂವಿನ ಅಂಗಡಿಯ ಹೆಂಗಸೊಬ್ಬಳು, ಇನ್ನೂ ಇಬ್ಬರು ನಿಂತಿದ್ದರು.

ಮ್ಯಾನೇಜರು ನಗುತ್ತಲೇ, ಮೆಲುದನಿಯಲ್ಲೇ ಕೇಳಿದರು: ‘ಮತ್ತೊಮ್ಮೆ ಎಣಸಪಾ. ನಡಕ ಮನೀಗೆ ಹೋಗಿ ಬಂದಿಯೇನ?’

ಏಜೆಂಟರು ಉತ್ತರ ಕೊಡಲಿಲ್ಲ. ಇನ್ನೊಮ್ಮೆ ಎಣಿಸಿದರು. ‘ನಾಳಿ ತರ್ತೀನ್ರಿ’ ಅಂದು ಹೋದರು. 1,400 ಅಂದರೆ ಅವರ ಎರಡೂವರೆ ದಿನದ ದುಡಿಮೆ.

ಏಳೂವರೆಗೆ ಕ್ಯಾಶ್ ಮುಚ್ಚುವಾಗ ಸತ್ಯ ಹೊರಬಂತು. ನೂರರ ಹದಿನಾಲ್ಕು ನೋಟು, ರಬ್ಬರ್ ಬ್ಯಾಂಡ್ ಹಾಕಿದ್ದು, ನೋಟು ಎಣಿಸುವ ಯಂತ್ರದ ಹಿಂದೆ ಬಿದ್ದಿತ್ತು. ಕ್ಯಾಶಿಯರ್ ಮುಖ ಬಿಳಿಚಿಕೊಂಡಿತು. (ಮೊದಲ ಕರಡಿನಲ್ಲಿ ‘ಕ್ಯಾಶಿಯರ್ ಹುಡುಗಿ’ ಅಂತ ಬರೆದಿದ್ದೆ. ಅವರಿಗೆ 34 ವರ್ಷ, ಇಬ್ಬರು ಮಕ್ಕಳ ತಾಯಿ. ಅಳಿಸಿದೆ.) ‘ಫೋನ್ ಮಾಡ್ಲೇನ್ರಿ ಸರ್?’ ಅಂತ ಅವರು ಕೇಳಿದರು.

ಮ್ಯಾನೇಜರು ಅಂದದ್ದು: ‘ಮುಂಜಾನಿ ಬರ್ತಾನಲ್ಲ, ಆಗ ಹೇಳೂಣು.’

ನನ್ನ ಲೆಕ್ಕದಲ್ಲಿ ಇಡೀ ಪ್ರಕರಣದ ತಪ್ಪು ಇಲ್ಲಿದೆ. ಕೌಂಟರ್ ಮುಂದೆ ಆಡಿದ ಮಾತು ಬಾಯಿ ಜಾರಿದ್ದು, ಯಾರಿಗೂ ಆಗಬಹುದು. ಫೋನ್ ಬೇಡ ಅಂದದ್ದು ಹಾಗಲ್ಲ, ಯೋಚಿಸಿ ಮಾಡಿದ್ದು. ಅದೇ ಜಾಗದಲ್ಲಿ ಚಿನ್ನದ ಗಿರಾಕಿ ಇದ್ದಿದ್ದರೆ ಬೆಳಗಿನವರೆಗೆ ಕಾಯುತ್ತಿದ್ದರಾ? ಕೇಳಿದಾಗ ಅವರೇ ತಲೆ ಅಲ್ಲಾಡಿಸಿದರು.

ಆ ರಾತ್ರಿ ಏಜೆಂಟರು ಮೈದುನನ ಮನೆಗೆ ಹೋಗಿ ಸಾಲ ಕೇಳಿದರು. ಬೆಳಿಗ್ಗೆ ದುಡ್ಡು ಮೇಜಿನ ಮೇಲಿಟ್ಟಾಗ ಮ್ಯಾನೇಜರು ‘ಸಿಕ್ತಪಾ ಅದು, ತಗೋ ನಿಂದು’ ಅಂದರು. ಅಷ್ಟೇ. ಏಜೆಂಟರು ನೋಟು ಜೇಬಿಗಿಟ್ಟುಕೊಂಡು, ಯಂತ್ರ ತುಂಬಿಸಿಕೊಂಡು ಹೊರಟರು.

ಅಂದು ಸಂಜೆ ಅವರು ಅರ್ಧ ಬಾಗಿಲು ದಾಟಲಿಲ್ಲ. ಗಿರಾಕಿಗಳ ಸಾಲಿನಲ್ಲಿ ಕೊನೆಗೆ ಹೋಗಿ ನಿಂತರು. ತಮ್ಮ ಸರದಿ ಬಂದಾಗ ಜಾಲರಿಯ ಕೆಳಗಿನಿಂದ ಹಣ, ಯಂತ್ರ ತಳ್ಳಿದರು. ಮರುದಿನವೂ ಹಾಗೆಯೇ. ಮೂರನೇ ದಿನ ಮ್ಯಾನೇಜರು ‘ಒಳಗ ಬಾರಪಾ, ಯಾಕ ಅಲ್ಲಿ ನಿಂತಿ?’ ಅಂದಾಗ ಏಜೆಂಟರು ಹೇಳಿದ ಮಾತು ಇಡೀ ಶಾಖೆಗೆ ಕೇಳಿಸಿತು:

‘ಸಾಲಿನ್ಯಾಗ ನಿಂತ್ರ ಬರ್ರಿ ಅಂತೀರಿ ಸರ. ಒಳಗ ಬಂದ್ರ ಬಾ ಅಂತೀರಿ. ನನಗ ಇಲ್ಲೇ ಚಲೋ ಅನಸ್ತೈತಿ.’

ಮಾಡಿದ ಪ್ರಯತ್ನಗಳು

ಮ್ಯಾನೇಜರಿಗೆ ತಪ್ಪು ಅರಿವಾಯಿತು. ಆದರೆ ತಪ್ಪು ಅರಿವಾದವರು ಮೊದಲು ಮಾಡುವುದು ಅದರ ಸುತ್ತ ಓಡಾಡುವುದು. ಅವರೂ ಓಡಾಡಿದರು.

ಮೊದಲು ಪೇಢೆ. ಅರ್ಧ ಕಿಲೋ ಧಾರವಾಡ ಪೇಢೆ ಪ್ಯೂನ್ ಕೈಯಲ್ಲಿ ಏಜೆಂಟರ ಮನೆಗೆ ಹೋಯಿತು. ಮರುದಿನ ಏಜೆಂಟರು ಡಬ್ಬಿ ಒಡೆಯದೆ ತಂದು, ಸಾಲಿನಲ್ಲಿ ನಿಂತವರಿಗೆಲ್ಲ ಒಂದೊಂದು ಹಂಚಿದರು. ‘ಸರ್ ಕೊಟ್ಟದ್ದು’ ಅಂತ ಹೇಳಿಯೇ ಹಂಚಿದರು.

ಆಮೇಲೆ ವಾಟ್ಸಾಪ್. ಶಾಖೆಯ ಗುಂಪಿನಲ್ಲಿ ದಿನಾ ಬೆಳಿಗ್ಗೆ ಒಂದು ಬೈಬಲ್ ವಚನ, ಸೂರ್ಯೋದಯದ ಚಿತ್ರದ ಮೇಲೆ. ನಾಲ್ಕನೇ ದಿನ 1 ಕೊರಿಂಥ 13, ಪ್ರೀತಿ ಮರ್ಯಾದೆಗೆಟ್ಟು ನಡೆಯುವುದಿಲ್ಲ ಅನ್ನುವ ಮಾತು. ಹತ್ತು ನಿಮಿಷದಲ್ಲಿ ಸಾಲ ವಿಭಾಗದ ಗುಮಾಸ್ತೆಯೊಬ್ಬರು ಉತ್ತರ ಹಾಕಿದರು: ‘ಅಯ್ಯಾ ಎಂದರೆ ಸ್ವರ್ಗ, ಎಲವೋ ಎಂದರೆ ನರಕ.’ ಬಸವಣ್ಣನವರ ಮಾತು, ಈ ಕಡೆ ಮಕ್ಕಳಿಗೂ ಬಾಯಿಪಾಠ. ಅವರು ಸುಮ್ನೆ ಹಾಕಿದರೋ, ಚುಚ್ಚಲೆಂದು ಹಾಕಿದರೋ ಇವತ್ತಿಗೂ ತಿಳಿಯದು. ಮ್ಯಾನೇಜರಿಗೆ ಮಾತ್ರ ಚುಚ್ಚಿತು. ಏಜೆಂಟರು ಆ ಗುಂಪಿನಲ್ಲೇ ಇರಲಿಲ್ಲ ಅನ್ನುವುದು ಆಮೇಲೆ ಹೊಳೆಯಿತು. ವಚನಗಳು ನಿಂತವು.

ಮೂರನೆಯದು ಸ್ಟಾಫ್ ಮೀಟಿಂಗ್. ‘ನಾವೆಲ್ಲರೂ ಒಬ್ಬರಿಗೊಬ್ಬರು ಗೌರವ ಕೊಡೋಣ’ ಅಂತ ಹದಿನೈದು ನಿಮಿಷ ಮಾತಾಡಿದರು. ಹೆಸರು ಹಿಡಿದು ಏನನ್ನೂ ಹೇಳಲಿಲ್ಲ, ಅದೇ ಸೌಜನ್ಯ ಅಂದುಕೊಂಡರು. ಕ್ಯಾಶಿಯರ್ ಅದನ್ನು ತಮ್ಮ ಮೇಲೆ ಹಾಕಿಕೊಂಡರು. ನೋಟು ಬೀಳಿಸಿದ್ದು ತಾವು, ಸರ್ ಹೇಳುತ್ತಿರುವುದು ತಮಗೇ ಅಂತ ಮನೆಗೆ ಹೋಗಿ ಅತ್ತರು. ಎರಡು ದಿನ ರಜೆ ಹಾಕಿದರು. ಯಾರ ಹೆಸರನ್ನೂ ಎತ್ತದೆ ಮೆಲ್ಲಗೆ ಆಡಿದ ಮಾತು, ಕೊನೆಗೆ ಹೋಗಿ ತಗುಲಿದ್ದು ಅಲ್ಲಿ ಎಲ್ಲರಿಗಿಂತ ಅಂಜುವವರಿಗೆ.

ಹಿಂದಿನ ಕೋಣೆಯಲ್ಲಿ

ಆ ಭಾನುವಾರ ಅವರು ನಮ್ಮ ಮುಂದೆ ಎಲ್ಲ ಹೇಳಿದರು. ಹೇಳುವಾಗಲೂ ಒಂದು ವಾದ ಇತ್ತು: ‘ನಾನು ಪ್ರೀತಿಯಿಂದ ನೀನು ಅಂತೀನ್ರಿ. ಪ್ರಾರ್ಥನೆಯಲ್ಲಿ ದೇವರಿಗೇ ನಿನ್ನ ನಾಮ, ನಿನ್ನ ರಾಜ್ಯ ಅಂತೀವಲ್ಲ?’

ಒಳ್ಳೇ ಮಾತೇ. ಕನ್ನಡದಲ್ಲಿ ಅತಿ ದೊಡ್ಡವನಿಗೂ ಅತಿ ಹತ್ತಿರದವರಿಗೂ ಏಕವಚನ ಇದೆ. ಸುಮ್ಮನೆ ಕೂತಿದ್ದ ವರ್ಕ್‌ಶಾಪಿನ ಗೆಳೆಯರು ಕೇಳಿದರು: ‘ಅವರು ನಿಮಗ ತಿರುಗಿ ನೀನು ಅಂತಾರೇನ್ರಿ?’ ಕೋಣೆ ತಣ್ಣಗಾಯಿತು. ಪ್ರೀತಿಯ ‘ನೀನು’ ಎರಡೂ ಕಡೆ ಹರಿಯುತ್ತದೆ. ಒಂದೇ ಕಡೆಗೆ ಹರಿದರೆ ಅದು ಬೇರೆಯದೇ.

ಆಮೇಲೆ ನಾನು ತಪ್ಪು ಸಲಹೆ ಕೊಟ್ಟೆ. ಬೈಬಲಿನ ಮತ್ತಾಯ 18 (ನಿನಗೆ ತಪ್ಪು ಮಾಡಿದ ಸಹೋದರನ ಹತ್ತಿರ ಹೋಗಿ, ಇಬ್ಬರೇ ಇರುವಾಗ ತಿಳಿಸು ಅನ್ನುವ ಮಾತು) ನೆನಪಿಸಿ, ‘ಅವರ ಮನೆಗೆ ಹೋಗಿ, ಇಬ್ಬರೇ ಇರುವಾಗ ಮಾತಾಡಿ ಮುಗಿಸಿ’ ಅಂದೆ. ಸಭೆಗಳಲ್ಲಿ ಏನೇ ಜಗಳ ಆದರೂ ನಾವು ಮೊದಲು ಎತ್ತುವ ವಾಕ್ಯ ಅದು. ವಾರ್ಡ್ ಸಿಸ್ಟರ್ ಆಗಿರುವ ಸದಸ್ಯೆ ಬಿಡಲಿಲ್ಲ. ‘ಅಂಕಲ್, ಅದು ನಿನಗೆ ತಪ್ಪು ಮಾಡಿದವನ ಮಾನ ಉಳಿಸಲಿಕ್ಕೆ ಇರೋ ಮಾತು. ಇಲ್ಲಿ ತಪ್ಪು ಮಾಡಿದವರು ಇವರು. ಮಾನ ಹೋದದ್ದು ನಾಲ್ಕು ಜನರ ಮುಂದೆ, ಕ್ಷಮೆ ಕೇಳೋದು ಮನಿಯೊಳಗೇನು?’

ಅವರು ತೋರಿಸಿದ್ದು ಮತ್ತಾಯ 5: ಕಾಣಿಕೆ ತಂದಾಗ ನಿನ್ನ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆ ಅಂತ ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗು. ಎರಡು ವಾಕ್ಯಗಳೂ ಎದ್ದು ಹೋಗು ಅನ್ನುತ್ತವೆ. ಆದರೆ ಗಾಯ ಯಾರದು ಅನ್ನುವುದು ಬೇರೆ. ಎಲ್ಲರೆದುರು ಅವಮಾನ ಮಾಡಿ ಗುಟ್ಟಾಗಿ ಕ್ಷಮೆ ಕೇಳಿದರೆ ಉಳಿಯುವುದು ಕೇಳಿದವರ ಮರ್ಯಾದೆ ಮಾತ್ರ. ನಲವತ್ತು ವರ್ಷ ಬೈಬಲ್ ಓದಿದ ನನಗೆ ಇದು ಹೊಳೆದಿರಲಿಲ್ಲ.

ಹಾಗಂತ ಕೌಂಟರ್ ಮುಂದೆ ಕೈ ಮುಗಿದು ನಾಟಕ ಮಾಡುವುದಾ? ಅದೂ ಸರಿ ಕಾಣಲಿಲ್ಲ. ಏಜೆಂಟರಿಗೆ ಅದರಿಂದ ಇನ್ನಷ್ಟು ಮುಜುಗರ ಆಗಬಹುದು. ಅರ್ಧ ಗಂಟೆ ಎಳೆದಾಡಿ ಬಂದ ತೀರ್ಮಾನ ಸಣ್ಣದು: ಹೇಗೆ ಸರಿಪಡಿಸಬೇಕು ಅಂತ ಅವರನ್ನೇ ಕೇಳಬೇಕು.

ಹೊರಡುವಾಗ ಮ್ಯಾನೇಜರು ಬಾಗಿಲ ಹತ್ತಿರ ನಿಂತು ಒಂದು ಮಾತು ಹೇಳಿದರು. ಅವರ ಮುತ್ತಜ್ಜನ ಕಾಲಕ್ಕೆ ಆ ಮನೆತನದವರನ್ನು ಊರಿನಲ್ಲಿ ಯಾರೂ ಪೂರ್ತಿ ಹೆಸರು ಹಿಡಿದು ಕರೆಯುತ್ತಿರಲಿಲ್ಲವಂತೆ. ‘ಲೇ’ ಅಂದರೆ ಓಡಿ ಬರಬೇಕು. 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂದ ಬಾಸೆಲ್ ಮಿಷನ್ ಈ ಭಾಗದಲ್ಲಿ ಶಾಲೆಗಳನ್ನು ತೆರೆಯಿತು. ಅಂಥ ಒಂದು ಶಾಲೆಯ ಹಾಜರಿ ಪುಸ್ತಕದಲ್ಲಿ ಅವರ ಅಜ್ಜನ ಹೆಸರು ಮೊದಲ ಸಲ ಪೂರ್ತಿಯಾಗಿ ಬರೆಯಲ್ಪಟ್ಟಿತು ಅಂತ ಅವರ ಅಪ್ಪ ಹೇಳುತ್ತಿದ್ದರಂತೆ. ‘ಆ ಕಥಿ ನಾನ ಹತ್ತು ಸಲ ಸಂಡೇ ಸ್ಕೂಲ್‌ನ್ಯಾಗ ಹೇಳೀನ್ರಿ’ ಅಂದರು. ಮತ್ತೇನೂ ಹೇಳದೆ ಗಾಡಿ ಚಾಲು ಮಾಡಿದರು.

ಚಹಾದಂಗಡಿಯಲ್ಲಿ

ಸೋಮವಾರ ಬೆಳಿಗ್ಗೆ, ಏಜೆಂಟರು ದಿನಾ ಚಹಾ ಕುಡಿಯುವ ಅಂಗಡಿಗೆ ಮ್ಯಾನೇಜರು ಹೋದರು. ಮೊದಲ ಸಲ ‘ಕುಂದರಬಹುದೇನ್ರಿ?’ ಅಂತ ಕೇಳಿದರು. ತಪ್ಪಾಯಿತು ಅಂದರು. ಆ ರಾತ್ರಿಯೇ ಸತ್ಯ ಗೊತ್ತಿತ್ತು, ಫೋನ್ ಮಾಡಲಿಲ್ಲ, ಅದೂ ತಪ್ಪು ಅಂದರು. ಇದನ್ನು ಹೇಳಬೇಕೋ ಬೇಡವೋ ಅಂತ ರಾತ್ರಿಯಿಡೀ ಯೋಚಿಸಿದ್ದರಂತೆ. ಹೇಳದಿದ್ದರೆ ಏಜೆಂಟರಿಗೆ ಗೊತ್ತಾಗುತ್ತಲೇ ಇರಲಿಲ್ಲ. ಆಮೇಲೆ ‘ನಾನೀಗ ಏನ್ ಮಾಡಬೇಕ್ರಿ?’ ಅಂತ ಕೇಳಿದರು.

ಏಜೆಂಟರು ಬಹಳ ಹೊತ್ತು ಕಪ್ಪು ಬಸಿ ತಿರುಗಿಸುತ್ತಾ ಕೂತರಂತೆ. ಆಮೇಲೆ ಹೇಳಿದ್ದು:

‘ನೀವು ತಪ್ಪಾತು ಅಂದ್ರಿ, ಆತು ಬಿಡ್ರಿ. ಆದ್ರ ಅವತ್ತ ಬಾಳಿಹಣ್ಣಿನಂವ ನಿಂತಿದ್ದ, ಹೂವಿನಾಕಿ ನಿಂತಿದ್ಲು. ನಾ ದಿನಾ ಅವರ ಕಡಿಂದ ಐವತ್ತು ರೂಪಾಯಿ ಇಸ್ಕೋಬೇಕು. ನಾ ಕಳ್ಳ ಅಲ್ಲ ಅಂತ ನಾನ ಹೇಳಿದ್ರ ಏನ್ ಬಂತ್ರಿ? ಅವರಿಗೆ ನೀವು ಹೇಳ್ರಿ.’

ನಾವು ಯಾರೂ ಯೋಚಿಸದ ಮಾತು ಇದು. ನಾವು ಮನಸ್ಸಿನ ನೋವು ಅಂದುಕೊಂಡಿದ್ದೆವು. ಅವರಿಗೆ ಅದು ಹೊಟ್ಟೆಪಾಡು ಕೂಡ. ಪಿಗ್ಮಿ ಏಜೆಂಟರ ಬಂಡವಾಳ ಒಂದೇ, ಹಣ ಕೊಟ್ಟರೆ ಮುಟ್ಟುತ್ತದೆ ಅನ್ನುವ ನಂಬಿಕೆ. ಆ ವಾರವೇ ಎರಡು ಖಾತೆಯವರು ‘ಮುಂದಿನ ತಿಂಗಳು ನೋಡೂಣು’ ಅಂದು ಕಟ್ಟುವುದು ನಿಲ್ಲಿಸಿದ್ದರು.

ಇಬ್ಬರೂ ಚಹಾದಂಗಡಿಯಿಂದಲೇ ಎದ್ದು ಮಾರುಕಟ್ಟೆಗೆ ಹೋದರು. ಮ್ಯಾನೇಜರು ಬಾಳೆಹಣ್ಣಿನ ಗಾಡಿಯ ಮುಂದೆ ನಿಂತು, ‘ಅವತ್ತು ರೊಕ್ಕ ಕಡಿಮಿ ಬಿದ್ದಿರಲಿಲ್ಲ, ನಮ್ಮ ಯಂತ್ರದ ಹಿಂದ ಬಿದ್ದಿತ್ತು. ಇವರದು ಒಂದು ರೂಪಾಯಿನೂ ತಪ್ಪಿಲ್ಲ. ನಾನು ಹಂಗ ಮಾತಾಡಬಾರದಿತ್ತು’ ಅಂದರು. ವ್ಯಾಪಾರಿ ಕಕ್ಕಾಬಿಕ್ಕಿಯಾಗಿ ಎರಡು ಬಾಳೆಹಣ್ಣು ಕೊಟ್ಟನಂತೆ. ಅದೇ ಮಾತನ್ನು ಹೂವಿನ ಅಂಗಡಿಯಲ್ಲೂ ಹೇಳಿದರು, ಉಳಿದಿಬ್ಬರಲ್ಲಿ ಸಿಕ್ಕ ಒಬ್ಬರಿಗೂ ಹೇಳಿದರು. ಶಾಖೆಗೆ ಬಂದು ಕ್ಯಾಶಿಯರ್‌ಗೆ, ಮೀಟಿಂಗಿನಲ್ಲಿ ಹೇಳಿದ್ದು ನಿಮ್ಮ ಬಗ್ಗೆ ಅಲ್ಲ, ನನ್ನ ಬಗ್ಗೆ, ಅದನ್ನು ಬಾಯಿ ಬಿಟ್ಟು ಹೇಳಲು ನನಗೆ ಧೈರ್ಯ ಆಗಲಿಲ್ಲ ಅಂತ ಒಪ್ಪಿಕೊಂಡರು.

ಆಮೇಲೆ

ಏಜೆಂಟರು ಅವತ್ತೇ ಒಳಗೆ ಬಂದರು ಅಂತ ಬರೆದಿದ್ದೆ. ಅವರು ತಿದ್ದಿಸಿದ ಮೊದಲ ಜಾಗ ಇದು. ಮೂರು ವಾರ ಸಾಲಿನಲ್ಲೇ ನಿಂತರು. ಅಷ್ಟರಲ್ಲಿ ಕ್ಯಾಶಿಯರ್ ಪಕ್ಕ ಒಂದು ಕುರ್ಚಿ ಬಂತು. ಏಜೆಂಟರ ಹಣವನ್ನು ಅವರ ಕಣ್ಣೆದುರೇ ಎಣಿಸಿ, ಯಂತ್ರದ ಹಿಂದೆ ಮುಂದೆ ನೋಡಿ, ಆಮೇಲೆಯೇ ರಸೀದಿ ಅನ್ನುವ ನಿಯಮ ಬಂತು. ಲೆಕ್ಕದ ವ್ಯತ್ಯಾಸ ಸಿಕ್ಕರೆ ಅದೇ ರಾತ್ರಿ ಫೋನ್. ಮೂರನೇ ವಾರದ ಕೊನೆಗೆ, ಸಾಲು ಉದ್ದ ಇದ್ದ ದಿನ, ಏಜೆಂಟರು ಅರ್ಧ ಬಾಗಿಲು ತಳ್ಳಿ ಒಳಗೆ ಬಂದು ಕೂತರು. ಯಾರೂ ಏನೂ ಅನ್ನಲಿಲ್ಲ.

ಯಾಕೋಬನ ಪತ್ರದ ಎರಡನೇ ಅಧ್ಯಾಯದಲ್ಲಿ ಚಿನ್ನದ ಉಂಗುರದವನಿಗೆ ಒಳ್ಳೇ ಜಾಗ ಕೊಟ್ಟು ಬಡವನನ್ನು ಅಲ್ಲಿ ನಿಂತಿರು ಅನ್ನುವ ಸಭೆಯ ಮಾತು ಬರುತ್ತದೆ. ನಾವು ಅದನ್ನು ಚರ್ಚಿನ ಬೆಂಚಿಗೆ ಹೊಂದಿಸಿಯೇ ಓದುತ್ತಿದ್ದೆವು. ಚಿನ್ನದ ಸಾಲದ ಶಾಖೆಗೆ ಅದು ಎಷ್ಟು ಸರಿಯಾಗಿ ಕೂರುತ್ತದೆ ಅಂತ ಮ್ಯಾನೇಜರೇ ನಗುತ್ತಾ ಹೇಳಿದರು.

ನನಗೆ ಈ ಪ್ರಕರಣದಿಂದ ಗೊತ್ತಾದದ್ದು ಅವರ ಸೌಜನ್ಯ ಸುಳ್ಳಾಗಿತ್ತು ಅಂತಲ್ಲ. ಅದು ಒಂದು ರಕ್ಷಾಕವಚ ಆಗಿತ್ತು. ಯಾರ ಬಾಯಿಗೆ ಬಿದ್ದರೆ ಕಷ್ಟವೋ ಅವರ ಕಡೆಗೆ ಮಾತ್ರ ಅದು ಮುಖ ಮಾಡಿತ್ತು. ಅದೇ ಅಂಜಿಕೆಯ ಇನ್ನೊಂದು ರೂಪವೂ ಆಮೇಲೆ ಕಂಡಿತು. ಅವರು ಯಾರಿಗೂ ‘ಇಲ್ಲ’ ಅಂದವರಲ್ಲ, ಎಲ್ಲದಕ್ಕೂ ‘ನೋಡೂಣ್ರಿ’. ಒಬ್ಬ ಗುಮಾಸ್ತರು ವರ್ಗಾವಣೆ ಕೇಳಿ ಎಂಟು ತಿಂಗಳು ಆ ‘ನೋಡೂಣ್ರಿ’ಯನ್ನು ನಂಬಿ ಕೂತಿದ್ದರು, ಹೆಂಡತಿಯ ಊರಲ್ಲಿ ಮನೆ ಕೂಡ ಹುಡುಕಿದ್ದರು. ಈ ಘಟನೆ ಆದ ಮೇಲೆ ಅವರನ್ನು ಕೂರಿಸಿ, ‘ಈ ವರ್ಷ ಆಗೂದಿಲ್ರಿ, ಜಾಗ ಇಲ್ಲ’ ಅಂತ ನೇರ ಹೇಳಿದರು. ಗುಮಾಸ್ತರು ಒಂದು ವಾರ ಮಾತು ಬಿಟ್ಟರು. ಆಮೇಲೆ ಹೆಂಡತಿ ಮಕ್ಕಳನ್ನೇ ಹುಬ್ಬಳ್ಳಿಗೆ ಕರೆಸಿಕೊಂಡರು.

ಎಲ್ಲ ಸುಸೂತ್ರ ಆಯಿತು ಅಂತ ಏನಿಲ್ಲ. ಕಸ ಗುಡಿಸುವ ಹೆಣ್ಣುಮಗಳಿಗೆ ‘ರೀ’ ಅಂದ ಮೊದಲ ದಿನ ಅವರು ಪೊರಕೆ ಹಿಡಿದು ನಿಂತು ನಕ್ಕುಬಿಟ್ಟರಂತೆ. ‘ನನಗ ರೀ ಗೀ ಅನಬ್ಯಾಡ್ರಿ ಸರ, ಯಾರಿಗೋ ಅಂದಂಗಾಗತೈತಿ.’ ಕೊನೆಗೆ ‘ಅಕ್ಕಾರ’ ಅನ್ನುವುದಕ್ಕೆ ಇಬ್ಬರೂ ಒಪ್ಪಿದರು. ಮ್ಯಾನೇಜರಿಗೆ ಅವಸರದಲ್ಲಿ ಈಗಲೂ ಹಳೇ ಏಕವಚನ ಬಾಯಿಗೆ ಬರುತ್ತದೆ, ಆಗ ಏಜೆಂಟರು ಎಣಿಸುವುದನ್ನು ನಿಲ್ಲಿಸಿ ಸುಮ್ಮನೆ ನೋಡುತ್ತಾರೆ.

ನಿಂತಿದ್ದ ಎರಡು ಖಾತೆಗಳಲ್ಲಿ ಬಾಳೆಹಣ್ಣಿನವನದು ಮತ್ತೆ ಶುರುವಾಯಿತು. ಹೂವಿನಾಕೆ ಬೇರೆ ಸೊಸೈಟಿಗೆ ಕಟ್ಟುತ್ತಿದ್ದಾಳೆ. ಇದು ಏಜೆಂಟರು ತಿದ್ದಿಸಿದ ಎರಡನೇ ಜಾಗ, ‘ಇಬ್ಬರೂ ಬಂದರು’ ಅಂತ ಬರೆದಿದ್ದೆ. ಮ್ಯಾನೇಜರು ಶನಿವಾರ ಚರ್ಚಿನ ಅಲಂಕಾರಕ್ಕೆ ಅವಳ ಹತ್ತಿರವೇ ಹೂವು ಕೊಳ್ಳುತ್ತಾರೆ. ಪಿಗ್ಮಿ ಮಾತು ಇಬ್ಬರೂ ಎತ್ತುವುದಿಲ್ಲ.